ಬೇಸ್ ಗಿಟಾರಿಗೆ ಬದಲಿ

ನಮ್ಮ ಮನೆಯವರೆಲ್ಲ ಒಂದೇ ಹೊತ್ತಿಗೆ ಎಚ್ಚರವಿದ್ದದ್ದು ನನಗೆ ನೆನಪಿಲ್ಲ. ಅಪ್ಪ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ರಾತ್ರಿಯದು. ರಾತ್ರಿ ಪಾಳಿಯ ವಾರ ಬಂತೆಂದರೆ ಹಗಲೆಲ್ಲ ಅವನು ನಡುಮನೆಯಲ್ಲಿ ಕಂಬಳಿ ಮುಸುಕೆಳೆದು ಮಲಗುತ್ತಿದ್ದ, ಉಳಿದವರು ನಾವು ನಮ್ಮದೇ ಮನೆಯಲ್ಲಿ ಕಳ್ಳರ ಹಾಗೆ ಓಡಾಡುತ್ತಿದ್ದೆವು. ಸೀನು ಬಂದರೆ ಹಿತ್ತಲಿಗೆ ಓಡಬೇಕು, ಬಾಗಿಲ ಚಿಲಕಕ್ಕೆ ಅರಿವೆ ಸುತ್ತಬೇಕು, ಅವ್ವ ಒಗ್ಗರಣೆ ಹಾಕುವ ಮುಂಚೆ ಅಡುಗೆಮನೆಯ ಬಾಗಿಲು ಮುಂದೆ ಮಾಡಬೇಕು. ಅಂಬೇವಾಡಿಯ ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಪರಿಸ್ಥಿತಿಯೂ ಇದೇ. ಹೀಗಾಗಿ ಬಂದವರು ಯಾರೂ ಅಂಗಳದಲ್ಲಿ ನಿಂತು ಜೋರಾಗಿ ಕರೆಯುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಹುಡುಗರನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ, ನಿಮ್ಮಪ್ಪಂದು ಈ ವಾರ ಯಾವ ಪಾಳಿ ಎಂದು ಕೇಳಿ, ಆಮೇಲೆ ಚಪ್ಪಲಿ ಬಿಡುವುದೋ ತಿರುಗಿ ಹೋಗುವುದೋ ನಿಶ್ಚಯ ಮಾಡುತ್ತಿದ್ದರು. ಇಂಥ ಮನೆಯ ಪಡಸಾಲೆಯಲ್ಲಿ ಡ್ರಮ್ಮು, ಗಿಟಾರು ಎಲ್ಲ ಇದ್ದ ಒಂದು ಬ್ಯಾಂಡ್ ಇತ್ತು ಅಂದರೆ ಇವತ್ತಿಗೂ ಜನ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು.

ಮೂರು ಜನರ ಬ್ಯಾಂಡ್ ಅದು. ಹೆಸರು ‘ಥ್ರೀ ಶಿಫ್ಟ್’. ಗಿಟಾರ್ ಮತ್ತು ಹಾಡು ಅಪ್ಪನದು. ಡ್ರಮ್ ದಸ್ತಗೀರ ಕಾಕಾನದು, ಅವನು ಮಿಲ್ಲಿನ ಬಿದಿರಿನ ಯಾರ್ಡಿನಲ್ಲಿದ್ದ, ನಮ್ಮ ಓಣಿಯವನೇ. ಬೇಸ್ ಗಿಟಾರ್ ಪೇದ್ರು ಮಾಮಾನದು. ಅವನು ಜೋಯಿಡಾ ಕಡೆಯ ಕೊಂಕಣಿ ಮನುಷ್ಯ, ಬಾಯ್ಲರಿನ ಹತ್ತಿರ ಕೆಲಸ. ಮೂವರಲ್ಲಿ ಕ್ರಮವಾಗಿ ಸಂಗೀತ ಕಲಿತವನೆಂದರೆ ಅವನೊಬ್ಬನೇ, ಅದೂ ಚರ್ಚಿನಲ್ಲಿ. ಹಡಗಿನ ಮೇಲೆ ಕೆಲಸಕ್ಕಿದ್ದ ಅವನ ಅಣ್ಣ ರಜೆಗೆ ಬರುವಾಗ ಕ್ಯಾಸೆಟ್ಟು ತರುತ್ತಿದ್ದ. ಅಮೆರಿಕದ ಕರಿಯರು ಹಾಡಿದ ಬ್ಲೂಸ್, ಅದನ್ನೇ ಇಂಗ್ಲೆಂಡಿನ ಹುಡುಗರು ಕಿವಿ ಹರಿಯುವ ಹಾಗೆ ಬಾರಿಸಿದ ಬ್ಲೂಸ್-ರಾಕ್. ಹಾಡಿನ ಮಾತು ಮೂವರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಾಡುವವನಿಗೆ ನಿದ್ದೆ ಸಾಲದಾಗಿದೆ, ಹೆಂಡತಿ ಸಿಟ್ಟಾಗಿದ್ದಾಳೆ, ಗಾಡಿ ತಪ್ಪಿದೆ ಅನ್ನುವುದು ಮಾತ್ರ ದನಿಯಲ್ಲೇ ತಿಳಿಯಿತಂತೆ. ಇವರಿಗೆ ಗಿಟಾರ್ ಆಂಪ್ಲಿಫೈಯರ್ ಎಲ್ಲಿಂದ ಬರಬೇಕು? ದಸ್ತಗೀರ ಕಾಕಾನ ಹೆಂಡತಿಯ ತಮ್ಮ, ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವವನು. ಅವನ ಹಳೆಯ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಿದರೆ ಅದು ಗೊರ್ರೆಂದು ಒಡಕು ದನಿ ತೆಗೆಯುತ್ತಿತ್ತು. ಅಪ್ಪ ಅದನ್ನು ಬಿಚ್ಚಿ, ಒರೆಸಿ, ಬೆಸುಗೆ ಹಾಕಿ, ಬಾಯಿಗೆ ಬಂದ ಹಾಗೆ ಬೈದು, ಕೊನೆಗೆ ಕೈಚೆಲ್ಲಿ ಕುಳಿತಿದ್ದಾಗ ಪೇದ್ರು ಮಾಮಾ ಒಂದು ಹೊಸ ಕ್ಯಾಸೆಟ್ ತಂದು ಹಾಕಿದ. ಅಪ್ಪ ಸ್ವಲ್ಪ ಹೊತ್ತು ಕೇಳಿ ಎದ್ದು ನಿಂತ.

“ಪೇದ್ರು, ಈ ಮಂದೀದೂ ಆಂಪ್ಲಿಫೈಯರ್ ಕೆಟ್ಟೈತಲ್ಲೋ!”

ಅವತ್ತಿಗೆ ರಿಪೇರಿ ಕೆಲಸ ಮುಗಿಯಿತು.

ಪಡಸಾಲೆ ಬ್ಯಾಂಡಿನದಷ್ಟೇ ಆಗಿರಲಿಲ್ಲ, ಅಜ್ಜಿಯದೂ ಆಗಿತ್ತು. ಅಪ್ಪನ ಅವ್ವ ಆಕೆ, ಮುಂಡಗೋಡ ತಾಲೂಕಿನ ಪಾಳಾ ಹಳ್ಳಿಯವಳು. ಅಲ್ಲಿ ಹೊಲಮನೆಯನ್ನು ದೊಡ್ಡ ಮಗನಿಗೆ ಬಿಟ್ಟು, ಭತ್ತದ ಸುಗ್ಗಿ ಮುಗಿಸಿ ಅಕ್ಕಿಯ ಚೀಲದ ಜೊತೆ ನಮ್ಮಲ್ಲಿಗೆ ಬಂದವಳು ಮುಂದೆ ತಿರುಗಿ ಹೋಗುವ ಮಾತೇ ತೆಗೆಯಲಿಲ್ಲ. ಬೆಳಿಗ್ಗೆ ಆಕೆ ಪಡಸಾಲೆಯ ಮೂಲೆಯಲ್ಲಿ ಕುಳಿತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದರೆ ಪಕ್ಕದಲ್ಲೇ ಹಳೆಯ ಚಾದರ ಹೊದ್ದ ಡ್ರಮ್ಮು ಕೂತಿರುತ್ತಿತ್ತು. ಆಕೆಗೆ ಡ್ರಮ್ಮಿನ ಮೇಲೆ ಸಿಟ್ಟಿರಲಿಲ್ಲ. ಮನೆಯಲ್ಲಿದ್ದ ಮೇಲೆ ಅದೂ ಮನೆಯದೇ ಅನ್ನುವ ಲೆಕ್ಕ. ದಸರೆಯ ಖಂಡೇ ಪೂಜೆಯ ದಿನ ಈಳಿಗೆ, ಕೊಡಲಿ, ಅಪ್ಪನ ಸೈಕಲ್ಲಿನ ಜೊತೆ ಗಿಟಾರುಗಳಿಗೂ ಡ್ರಮ್ಮಿಗೂ ವಿಭೂತಿ ಎಳೆದು ಕಾಯಿ ಒಡೆಯುತ್ತಿದ್ದಳು. ದಸ್ತಗೀರ ಕಾಕಾ ತಲೆಗೆ ಕರ್ಚೀಫು ಕಟ್ಟಿಕೊಂಡು ಬಂದು ಕೈ ಚಾಚಿ ಕೊಬ್ಬರಿ ತೆಗೆದುಕೊಂಡು ಹೋಗುತ್ತಿದ್ದ. ಆದರೆ ಅಜ್ಜಿಯ ಊಟದ ಹೊತ್ತಿಗೆ ಡ್ರಮ್ ಬಾರಿಸಿದರೆ ಮಾತ್ರ ಕೆಟ್ಟೆವು. ತುತ್ತು ಗಂಟಲಲ್ಲಿ ಕುಣಿಯುತ್ತದೆ ಎಂದು ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗಿ ತುಳಸಿ ಕಟ್ಟೆಯ ಮೇಲೆ ಕುಳಿತು ಉಣ್ಣುತ್ತಿದ್ದಳು, ಓಣಿಯವರಿಗೆಲ್ಲ ಕಾಣುವ ಹಾಗೆ. ಅಪ್ಪನಿಗೆ ಮಿಲ್ಲಿನ ದೊಡ್ಡ ಸಾಹೇಬರ ಅಂಜಿಕೆ ಇರಲಿಲ್ಲ, ಅಜ್ಜಿ ತುಳಸಿ ಕಟ್ಟೆಯ ಮೇಲೆ ಕೂತು ಉಣ್ಣುವುದರ ಅಂಜಿಕೆ ಇತ್ತು.

ಬ್ಯಾಂಡಿನ ದೊಡ್ಡ ತೊಂದರೆ ಅದರ ಹೆಸರಿನಲ್ಲೇ ಇತ್ತು. ಮೂವರೂ ಬೇರೆ ಬೇರೆ ಪಾಳಿಯವರು. ಒಬ್ಬ ಬಂದರೆ ಇನ್ನೊಬ್ಬ ಕೆಲಸದಲ್ಲಿ, ಮತ್ತೊಬ್ಬ ನಿದ್ದೆಯಲ್ಲಿ. ಡ್ರಮ್ಮಿಲ್ಲದೆ ಹೇಗೋ ಆದೀತು, ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಅಪ್ಪ ಗಿಟಾರ್ ಎತ್ತಿಕೊಂಡು ಬಾಗಿಲಲ್ಲಿ ಕುಳಿತರೆ ಆ ತಟ್ಟುವಿಕೆಯೇ ಸಾಕಾಗುತ್ತಿತ್ತು. ನೀನೇ ಡ್ರಮ್ಮಿಗೆ ಬದಲಿ ಎಂದು ಅಪ್ಪ ಒಮ್ಮೆ ಅಂದದ್ದಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಳು.

“ನಾ ಬದಲಿ ಅಲ್ಲ. ಈ ಒಲಿ ಮುಂದ ನಾ ಪರ್ಮನೆಂಟ್. ನಿಮಗ ಬೇಕಾದ್ರ ನೀವ ನನ್ನ ತಾಳಕ್ಕ ಬಾರಸ್ರಿ.”

ಮಿಲ್ಲಿನ ಊರಿನಲ್ಲಿ ಹುಟ್ಟಿದವರಿಗೆ ಬದಲಿ, ಪರ್ಮನೆಂಟ್ ಅನ್ನುವ ಈ ಎರಡು ಮಾತು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗಕ್ಕೆ ನಿಲ್ಲುವವನು ಬದಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗೇಟಿನ ಹೊರಗೆ ನಿಂತಿರಬೇಕು. ಒಳಗೆ ಯಾರಾದರೂ ಗೈರಾದರೆ ಕರೆ ಬರುತ್ತದೆ, ಇಲ್ಲದಿದ್ದರೆ ಅದೇ ಬುತ್ತಿ ಮನೆಗೆ ತಂದು ಉಣ್ಣಬೇಕು. ಕೆಲಸ ಎಷ್ಟೇ ಚೆನ್ನಾಗಿ ಬರುತ್ತಿರಲಿ, ಕಾಯಂ ಮನುಷ್ಯ ಗೇಟಿನಲ್ಲಿ ಕಂಡ ಕೂಡಲೆ ಬದಲಿಯವನು ಸರಿದು ನಿಲ್ಲುತ್ತಾನೆ. ಅದಕ್ಕೆ ಯಾರೂ ಬೇಜಾರು ಪಡುವ ಹಾಗಿಲ್ಲ. ರಜಾ ಅನ್ನುವುದೂ ಕಾಯಂ ಮನುಷ್ಯನಿಗಷ್ಟೇ, ಬದಲಿಯವನಿಗಿಲ್ಲ. ಅಪ್ಪನೂ ಮದುವೆಗೆ ಮುಂಚೆ ಬಹಳ ಕಾಲ ಬದಲಿಯಾಗಿ ನಿಂತವನು. ಆ ರೂಢಿಯನ್ನು ಅವನು ಮಿಲ್ಲಿನಿಂದ ಸೈಕಲ್ಲಿನ ಮೇಲೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದ. ಪೇದ್ರು ಮಾಮಾ ಬಾರದ ಒಂದು ಸಂಜೆ, ಮೂಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದ ನನ್ನನ್ನು ಎಬ್ಬಿಸಿ ಟ್ರಂಕಿನ ಮೇಲೆ ಕೂರಿಸಿ, ನನಗಿಂತ ಉದ್ದವಿದ್ದ ಬೇಸ್ ಗಿಟಾರನ್ನು ತೊಡೆಯ ಮೇಲೆ ಅಡ್ಡ ಹಾಕಿದ. ಅದರ ತಂತಿಗಳು ದಪ್ಪ, ಒತ್ತಿದರೆ ಬೆರಳಲ್ಲಿ ಹಳ್ಳ ಬೀಳುತ್ತಿತ್ತು. ಮೀಟಿದರೆ ಮಾತ್ರ ಆ ದನಿ ಕಿವಿಗಿಂತ ಮೊದಲು ಟ್ರಂಕಿಗೆ, ಟ್ರಂಕಿನಿಂದ ನನಗೆ ಬರುತ್ತಿತ್ತು. ನನಗೆ ಅದು ಭಾಳ ಸೇರಿತು. ಅವತ್ತೇ ಸೇರಿತು ಅಂತ ಈಗ ಹೇಳುವುದರಲ್ಲಿ ಏನೂ ಸಂಕೋಚವಿಲ್ಲ.

“ಗಿರಿಜಾ, ಇವತ್ತಿಂದ ನೀ ಬೇಸಿಗೆ ಬದಲಿ. ಪೇದ್ರು ಬಂದಾಗ ಇಳೀಬೇಕು, ಬರದಾಗ ಹತ್ತಬೇಕು. ತಿಳೀತಿಲ್ಲೋ?”

ತಿಳಿಯಿತು. ಪ್ರಾಕ್ಟೀಸಿಗೆ ಮುಂಚೆ ಅಪ್ಪ ಹಾಜರಿ ಕೂಗುತ್ತಿದ್ದ, ತಮಾಷೆಗೆ ಶುರುವಾದದ್ದು ಆಮೇಲೆ ಪದ್ಧತಿಯೇ ಆಯಿತು. “ಬೇಸ್?” ಎಂದು ಕೂಗಿ, ಉತ್ತರ ಬಾರದಿದ್ದರೆ, “ಬದಲಿ?” ಎನ್ನುತ್ತಿದ್ದ. ನಾನು “ಹಾಜರ್” ಎಂದು ಟ್ರಂಕ್ ಹತ್ತುತ್ತಿದ್ದೆ. ಪೇದ್ರು ಮಾಮಾ ಬಂದ ದಿನ ಇಳಿದು ಚಹಾದ ಕಪ್ಪು-ಬಸಿ ಹಿಡಿದು ಒಳಗೆ ಹೋಗುತ್ತಿದ್ದೆ. ಹಾಗೆ ಎಷ್ಟೋ ವರ್ಷ. ನನ್ನ ಸ್ವಭಾವದಲ್ಲಿ ಏನಾದರೂ ಓರೆ ಇದ್ದರೆ ಅದು ಆ ಟ್ರಂಕಿನ ಮೇಲೆ ಬಂದದ್ದು. ಈಗಲೂ ಯಾರಾದರೂ ನನ್ನನ್ನು ಒಂದು ಸಭೆಗೆ ಕರೆದರೆ ಮೊದಲು ನನ್ನ ತಲೆಗೆ ಬರುವುದು, ಯಾರು ಬರಲಾರೆ ಅಂದಿರಬೇಕು ಅನ್ನುವುದೇ. ಮದುವೆಯಲ್ಲಿ ಪಂಕ್ತಿಗೆ ಕೂರುವಾಗಲೂ ಅಂಚಿನ ಜಾಗ ಹಿಡಿಯುತ್ತೇನೆ, ಎಬ್ಬಿಸಿದರೆ ಏಳಲು ಸುಲಭ. ನನ್ನ ಯಜಮಾನರು ಇದನ್ನು ಸಂಸ್ಕಾರ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಈಗ ಒಂದು ಸಣ್ಣ ಸಂಗತಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬ್ಲೂಸ್ ಹಾಡಿನಲ್ಲಿ ಒಂದು ನುಡಿ ಮುಗಿದು ಮುಂದಿನ ನುಡಿ ಹಿಡಿಯುವ ನಡುವೆ ಬೇಸ್ ಗಿಟಾರ್ ಸರಸರನೆ ಮೇಲೆ ಹತ್ತಿ ಬಂದು ಎಲ್ಲರನ್ನೂ ತಿರುಗಿ ಮೊದಲಿನ ಜಾಗಕ್ಕೆ ಕರೆತರಬೇಕು. ಅದರ ಕೊನೆಯ ಸ್ವರಕ್ಕೆ ಕಿರುಬೆರಳು ದೂರ ಚಾಚಬೇಕು. ನನ್ನ ಕಿರುಬೆರಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ತಪ್ಪು ಸ್ವರ ಬಾರಿಸಿದರೆ ಬೈಗುಳ, ಅದಕ್ಕೆ ನಾನು ಬಾರಿಸುವುದೇ ಬಿಟ್ಟೆ. ಅಲ್ಲಿಗೆ ಬಂದಾಗ ಅಂಗೈಯಿಂದ ತಂತಿ ಒತ್ತಿ ಹಿಡಿದು, ಒಂದು ಉಸಿರು ತೆಗೆದುಕೊಂಡು, ಆಮೇಲೆ ಮುಂದಿನ ನುಡಿ ಶುರು ಮಾಡುತ್ತಿದ್ದೆ. ತಾಳದ ಲೆಕ್ಕಕ್ಕಿಂತ ಆ ಉಸಿರು ತುಸು ಉದ್ದವೇ. ಮೊದಮೊದಲು ಆ ಖಾಲಿ ಜಾಗ ಬಂದಾಗ ಅಪ್ಪ ಗಾಬರಿಯಾಗಿ “ಏ!” ಎಂದು ನನ್ನನ್ನು ಎಚ್ಚರಿಸುತ್ತಿದ್ದ. ಬರಬರುತ್ತ ಎಚ್ಚರಿಸುವುದು ಹೋಗಿ “ಏ!” ಅನ್ನುವುದೇ ಹಾಡಿನೊಳಗೆ ಸೇರಿಕೊಂಡಿತು. ಅದರ ಬೆನ್ನಿಗೆ ದಸ್ತಗೀರ ಕಾಕಾ ಒಂದು ಗುದ್ದು ಇಟ್ಟ. ಮೂರೂ ಸೇರಿ ಅದು ಎಷ್ಟು ಚಂದ ಕೇಳುತ್ತಿತ್ತೆಂದರೆ ಓಣಿಯ ಹುಡುಗರು ಆಟದಲ್ಲೂ ಹಾಗೇ ಕೂಗುತ್ತಿದ್ದರು.

ಹೈಸ್ಕೂಲಿಗೆ ಬರುವ ಹೊತ್ತಿಗೆ ನನ್ನ ಬೆರಳು ಬೆಳೆಯಿತು. ಒಂದು ಸಂಜೆ ಕಿರುಬೆರಳು ಚಾಚಿ ಆ ಸ್ವರ ಬಾರಿಸಿಯೇ ಬಿಟ್ಟೆ. ಶಾಭಾಸ್ ಅಂದಾನು ಅಂತ ನನ್ನ ಅಂದಾಜು. ಅಪ್ಪ ಗಿಟಾರ್ ನಿಲ್ಲಿಸಿದ.

“ಅಲ್ಲೆ ಏನ ಬಾರಸಿದಿ?”

“ಕ್ಯಾಸೆಟ್ಟಿನಾಗ ಇದ್ದದ್ದನ್ನ.”

“ಕ್ಯಾಸೆಟ್ ಒಲ್ಯಾಗ ಹಾಕು. ಅದು ನನ್ನ ಜಾಗ, ನೀ ಸುಮ್ಮನಿರು ಅಲ್ಲೆ.”

ಆ ವರ್ಷ ಪೇದ್ರು ಮಾಮಾನ ಪಾಳಿ ಅಪ್ಪನ ಪಾಳಿಗೆ ಪೂರ್ತಿ ತಿರುಗುಮುರುಗಾಯಿತು. ಮಳೆಗಾಲದುದ್ದಕ್ಕೂ ಅವನು ಪ್ರಾಕ್ಟೀಸಿಗೆ ಸಿಗಲಿಲ್ಲ. ಆ ಹೊತ್ತಿನಲ್ಲೇ ಅಪ್ಪ ಇಂಗ್ಲಿಷಿನ ಗೊಡವೆ ಬಿಟ್ಟು ತನ್ನದೇ ಮಾತು ಕಟ್ಟಿ ಹಾಡಲು ಹತ್ತಿದ. ಬ್ಲೂಸಿನ ಪದ್ಧತಿಯಂತೆ ಮೊದಲ ಸಾಲು ಎರಡು ಸಲ, ಆಮೇಲೆ ಅದಕ್ಕೊಂದು ಉತ್ತರ:

ಭೋಂಗಾ ಕೂಗೈತಿ ಏಳೋ, ನಿದ್ದಿ ಇನ್ನೂ ಹರಿದಿಲ್ಲ,
ಭೋಂಗಾ ಕೂಗೈತಿ ಏಳೋ, ನಿದ್ದಿ ಇನ್ನೂ ಹರಿದಿಲ್ಲ,
ಚಾ ಕಾಸಾಕ ಹೋದಾಕಿ ಒಳಗಿಂದ ಇನ್ನೂ ಬಂದಿಲ್ಲ.

ಭೋಂಗಾ ಅಂದರೆ ಪಾಳಿ ಬದಲಾಗುವಾಗ ಕೂಗುವ ಮಿಲ್ಲಿನ ಸೈರನ್. ಹಾಡು ಕೇಳಿ ಅವ್ವ ಒಳಗಿನಿಂದ, ಬರೂದೂ ಇಲ್ಲ, ಬೇಕಾದ್ರ ತಾವ ಬಂದು ಕಾಸ್ಕೊಳ್ರಿ ಎಂದು ಕೂಗಿದಳು. ಇಂಥ ನಾಲ್ಕೈದು ಹಾಡು ಆ ಮಳೆಗಾಲದಲ್ಲಿ ಕಟ್ಟಿದರು. ಎಲ್ಲದರಲ್ಲೂ ಬೇಸ್ ನನ್ನದು. ಎಲ್ಲದರಲ್ಲೂ ನನ್ನ ಆ ಉಸಿರು ಇತ್ತು.

ಆದರೆ ಹೊರಗೆ ಕಾರ್ಯಕ್ರಮ ಬಂದರೆ ನನ್ನ ಹೆಸರಿಲ್ಲ. ಕ್ರಿಸ್‌ಮಸ್ಸಿನ ಡಾನ್ಸಿಗೆ, ಗಣಪತಿಯ ಪೆಂಡಾಲಿಗೆ, ಯಾರದೋ ನಿವೃತ್ತಿಯ ಸಮಾರಂಭಕ್ಕೆ ಹೋಗುವಾಗ ಮೂವರೂ ಹೇಗೋ ರಜಾ ಹೊಂದಿಸಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಬೇಸ್ ಗಿಟಾರಿನ ಗವಸಣಿಗೆಯ ಗುಂಡಿ ಹಾಕಿ ಕೊಡುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ಜನರ ಮುಂದೆ ಬಾರಿಸಬೇಕು ಅನ್ನುವುದು ನನಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು. ಕೇಳಿದರೆ ಅಪ್ಪನದು ಒಂದೇ ಉತ್ತರ, ಜಾಗ ಖಾಲಿ ಆಗಲಿ. ಪೇದ್ರು ಮಾಮಾನಿಗೆ ಕೆಮ್ಮು ಬಂದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥ ಒಳ್ಳೆಯ ಮನುಷ್ಯನ ಕೆಮ್ಮಿಗೆ ನಾನು ಕಾದು ಕುಳಿತಿರುತ್ತಿದ್ದೆ, ನೋಡಿ.

ಆಗ ಹಳಿಯಾಳದ ಒಂದು ಕಾಲೇಜಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಕರೆ ಬಂತು. ಮಧ್ಯಾಹ್ನದ ಕಾರ್ಯಕ್ರಮ, ದೊಡ್ಡ ಸ್ಟೇಜು, ಹೊಸ ಹಾಡುಗಳೇ ಬೇಕು ಎಂದು ಹುಡುಗರು ಹೇಳಿ ಹೋದರು. ಪೇದ್ರು ಮಾಮಾನಿಗೆ ರಜಾ ಸಿಗಲಿಲ್ಲ. ಅವನು ಸೈಕಲ್ ಅಂಗಳದಲ್ಲೇ ನಿಲ್ಲಿಸಿ, ಮುಖ ಸಣ್ಣದು ಮಾಡಿಕೊಂಡು ಈ ಸುದ್ದಿ ಹೇಳಿ ಹೋದ. ದಸ್ತಗೀರ ಕಾಕಾ ಬೀಡಿ ಆರಿಸಿ ಅಪ್ಪನ ಕಡೆ ತಿರುಗಿದ.

“ಚನ್ನಣ್ಣಾ, ಇದರಾಗ ವಿಚಾರ ಮಾಡೂದೇನೈತಿ? ಕಾಯಂನಾಂವ ಗೈರ, ಬದಲಿ ಮನ್ಯಾಗ ಕುಂತೈತಿ. ಮಿಲ್ಲಿನಾಗ ಹಿಂಗ ಆದ್ರ ನೀ ಯಾರನ್ನ ಕರೀತಿದ್ದಿ?”

“ಮನ್ಯಾಗಿನ ಮಾತ ಬ್ಯಾರೆ, ಹೊರಗಿನ ಮಾತ ಬ್ಯಾರೆ ಮಾರಾಯಾ.”

“ಹೆಂಗ ಬ್ಯಾರೆ? ಬಿಡಿಸಿ ಹೇಳು, ಹುಡಿಗೀನೂ ಕೇಳಲಿ.”

ಅಪ್ಪ ಬಿಡಿಸಿ ಹೇಳಲಿಲ್ಲ. ಬರಲಿ ಹಂಗಾರ, ಅಂದ. ತಕರಾರು ಬಂದದ್ದು ಅಜ್ಜಿಯಿಂದ, ಅದೂ ಯಾರೂ ಎಣಿಸದ ಕಡೆಯಿಂದ. ಹೆಣ್ಣು ಹುಡುಗಿ ಗಂಡಸರ ಜೊತೆ ಸ್ಟೇಜ್ ಹತ್ತುವುದರ ಬಗ್ಗೆ ಆಕೆ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ನಾನು ಕೂತು ಬಾರಿಸುತ್ತಿದ್ದೆ, ಸ್ಟೇಜಿನ ಮೇಲೆ ನಿಂತು ಬಾರಿಸಬೇಕು. ನಿಂತು ಅಭ್ಯಾಸ ಮಾಡುವಾಗ ಗಿಟಾರಿನ ಪಟ್ಟಿ ಹೆಗಲಿನಿಂದ ಎದೆಯ ಮೇಲೆ ಅಡ್ಡ ಹಾದು, ಗಿಟಾರಿನ ಮೈ ಕೊರಳಲ್ಲಿದ್ದ ಲಿಂಗದ ಕರಡಿಗೆಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಅಜ್ಜಿ ಅದನ್ನು ಕೇಳಿ ಎದ್ದು ಬಂದಳು.

“ಏ ಚನ್ನ್ಯಾ, ಲಿಂಗಕ್ಕ ಗಿಟಾರ್ ಬಡ್ಯಾಕತ್ತೈತಿ, ನಿನ್ನ ಕಿವಿ ಎಲ್ಲೆ ಇಟ್ಟೀ? ಇದ ನಡ್ಯಾಂಗಿಲ್ಲ.”

ತೆಗೆದಿಟ್ಟು ಹೋಗಲಿ ಎಂದು ಅಪ್ಪ ಅಂದದ್ದೇ ತಡ, ಬೆಂಕಿಗೆ ಎಣ್ಣೆ ಹೊಯ್ದ ಹಾಗಾಯಿತು. ಲಿಂಗ ತೆಗೆದಿಟ್ಟು ಹೋಗುವಂಥ ಜಾಗಕ್ಕೆ ಹೋಗುವುದೇ ಬೇಡ ಎಂದು ಅಜ್ಜಿ ಹಟ ಹಿಡಿದಳು. ಆ ಸಂಜೆ ಆಕೆ ತಾಟು ಎತ್ತಿಕೊಂಡು ಹಿತ್ತಲಿಗೆ ನಡೆದದ್ದು ಕಂಡು ಅಪ್ಪನ ಮುಖ ಕಪ್ಪಿಟ್ಟಿತು. ನನಗಂತೂ ಮುಗಿದೇ ಹೋಯಿತು ಅನ್ನಿಸಿತು. ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿದ ಅಜ್ಜಿ ನನ್ನನ್ನು ಕರೆದು ಎದುರಿಗೆ ನಿಲ್ಲಿಸಿ, ನನ್ನ ಕೊರಳಿನ ಶಿವದಾರ ಬಿಚ್ಚಿ, ಅದನ್ನು ಗಿಡ್ಡ ಮಾಡಿ, ಹೆಗಲಿನ ಮೇಲಿಂದ ಅಡ್ಡ ತಂದು, ಕರಡಿಗೆ ಎಡ ಕಂಕುಳ ಕೆಳಗೆ ಕೂರುವ ಹಾಗೆ ಕಟ್ಟಿದಳು. ಶರಣರು ಕಂಕುಳಲ್ಲೂ ಕಟ್ಟಿಕೊಳ್ಳುತ್ತಿದ್ದರಂತೆ, ರಾತ್ರಿಯೆಲ್ಲ ನೆನಪು ಮಾಡಿಕೊಂಡಿದ್ದಾಳೆ. ಆಮೇಲೆ ತಾನೇ ಬೇಸ್ ಗಿಟಾರ್ ಎತ್ತಿ ನನ್ನ ಹೆಗಲಿಗೆ ಹಾಕಿ, ಬಗ್ಗಿ ಕಿವಿಗೊಟ್ಟು ಕೇಳಿದಳು.

“ಬಾರಸು ನೋಡೂಣು. ಹಾಂ, ಈಗ ಬಡ್ಯಾಂಗಿಲ್ಲ. ಹೋಗು.”

ಹಳಿಯಾಳಕ್ಕೆ ಬಸ್ಸಿನಲ್ಲಿ ಹೋದೆವು. ಅವ್ವ ನನ್ನ ಜೊತೆಗೆ ಬಂದಳು, ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬುತ್ತಿ ಕಟ್ಟಿಕೊಂಡು. ನನ್ನ ಮೈಮೇಲೆ ಹೊಸ ಚೂಡಿದಾರ. ಸ್ಟೇಜಿನ ಹಿಂದೆ ಪಟ್ಟಿ ನನ್ನ ಅಳತೆಗೆ ಗಿಡ್ಡ ಮಾಡಿ, ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಒಳಗಿನಿಂದ ಹುಡುಗರ ಶಿಳ್ಳೆ ಕೇಳುತ್ತಿತ್ತು. ಅಷ್ಟರಲ್ಲಿ ಒಂದು ಕಟ್ಟಿಗೆ ಲಾರಿ ಗೇಟಿನ ಹತ್ತಿರ ನಿಂತು, ಅದರಿಂದ ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಪೇದ್ರು ಮಾಮಾ ಇಳಿದ.

“ರಜಾ ಸಿಕ್ತು ಚನ್ನಾ! ಕಡೀ ಗಳಿಗ್ಯಾಗ ಸಿಕ್ತು, ಓಡಿ ಬಂದೆ!”

ಅಪ್ಪ ಅವನನ್ನು ಅಪ್ಪಿಕೊಂಡ. ದಸ್ತಗೀರ ಕಾಕಾ ನಕ್ಕ, ನಗುತ್ತಲೇ ನನ್ನ ಕಡೆ ನೋಡಿ ನಗು ನಿಲ್ಲಿಸಿದ. ಅಪ್ಪನೂ ನನ್ನ ಕಡೆ ತಿರುಗಿ ಕೈ ಚಾಚಿದ.

“ಗಿರಿಜಾ, ಕೊಡು.”

ಕೊಟ್ಟೆ. ರೂಢಿ ಅಂದರೆ ರೂಢಿ. ಅತ್ತೆನೆಂದು ಬರೆದರೆ ಸುಳ್ಳಾದೀತು. ಅಳು ಬರಲಿಲ್ಲ, ಸಿಟ್ಟು ಬಂತು, ಅದೂ ಅಪ್ಪನ ಮೇಲಲ್ಲ. ಆ ಬಿಳಿ ಅಂಗಿಯ ಮೇಲೆ ಬಂತು. ಅಷ್ಟು ನೆಟ್ಟಗೆ ಇಸ್ತ್ರಿ ಮಾಡಿಕೊಂಡು ಓಡಿ ಬರುವ ಅವಶ್ಯಕತೆ ಏನಿತ್ತು ಅನ್ನಿಸಿತು. ಅವ್ವ ನನ್ನನ್ನು ಸ್ಟೇಜಿನ ಕೆಳಗೆ ಮೊದಲ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿ, ಬುತ್ತಿ ಬಿಚ್ಚಿದಳು. ಎಲ್ಲರೂ ನೋಡುತ್ತಾರೆ ಎಂದರೆ, ನೋಡಲಿ, ಅವರ ಮನೀದೇನ ಉಣ್ಣಾಕತ್ತಿಲ್ಲ, ಅಂದಳು. ನಾನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡೆ.

ಭೋಂಗಾದ ಹಾಡಿನಿಂದಲೇ ಶುರು ಮಾಡಿದರು. ಬ್ಲೂಸಿನ ನಡೆ ಎಲ್ಲ ಹಾಡಿಗೂ ಒಂದೇ ಆದ್ದರಿಂದ ಪೇದ್ರು ಮಾಮಾನಿಗೆ ಹೊಸದಾಗಿದ್ದರೂ ಮೊದಲ ನುಡಿ ಸರಿಯಾಗಿಯೇ ಬಂತು. ನುಡಿ ಮುಗಿದ ಕೂಡಲೆ ಪೇದ್ರು ಮಾಮಾನ ಬೇಸ್ ಕ್ಯಾಸೆಟ್ಟಿನಲ್ಲಿದ್ದ ಹಾಗೆ ಸರಸರನೆ ಮೇಲೆ ಹತ್ತಿ, ಆ ಕೊನೆಯ ಸ್ವರವನ್ನು ಖಣ್ ಎಂದು ಬಾರಿಸಿ, ನಿಲ್ಲದೆ ಮುಂದಿನ ನುಡಿಗೆ ಹೋಯಿತು. ಅಪ್ಪ “ಏ!” ಎನ್ನಲು ಬಾಯಿ ತೆರೆದವನು ಆ ಸ್ವರ ಕೇಳಿ ಅರ್ಧಕ್ಕೇ ನಿಂತ. ದಸ್ತಗೀರ ಕಾಕಾನ ಗುದ್ದು ತಡವಾಗಿ ಬಿತ್ತು. ಬೇಸ್ ಮುಂದೆ, ಹಾಡು ಹಿಂದೆ, ಡ್ರಮ್ಮು ನಡುವೆ ಎಲ್ಲೋ. ಅಪ್ಪ ನಿಲ್ಲಿಸಿ ಮೊದಲಿನಿಂದ ಹಿಡಿದ. ಮತ್ತೆ ಅದೇ ಜಾಗ, ಮತ್ತೆ ಅದೇ ಗತಿ. ಹುಡುಗರು ಕೂಗಾಡಲು ಹತ್ತಿದರು. ಅಪ್ಪ ಪೇದ್ರು ಮಾಮಾನನ್ನು ದುರುಗುಟ್ಟಿ ನೋಡಿದ. ತಪ್ಪು ಅವನದಾಗಿರಲಿಲ್ಲ, ಅವನು ಬಾರಿಸಿದ್ದೇ ಶುದ್ಧ. ಶುದ್ಧ ಬಾರಿಸುವವನ ಜೊತೆ ಹಾಡುವುದು ಇವರಿಬ್ಬರಿಗೂ ಮರೆತು ಹೋಗಿತ್ತು.

ಪೇದ್ರು ಮಾಮಾ ಸಂಗೀತ ಬಲ್ಲವನು, ಬೇಗ ತಿಳಿದುಕೊಂಡ. ದಸ್ತಗೀರ ಕಾಕಾನ ಕಿವಿಯಲ್ಲಿ ಏನೋ ಕೇಳಿದ. ಕಾಕಾ ಡ್ರಮ್ಮಿನ ಕೋಲಿನಿಂದಲೇ ಮೊದಲ ಸಾಲಿನಲ್ಲಿದ್ದ ನನ್ನ ಕಡೆ ತೋರಿಸಿದ. ಪೇದ್ರು ಮಾಮಾ ಗಿಟಾರ್ ಕಳಚಿ ಕೈಯಲ್ಲಿ ಹಿಡಿದುಕೊಂಡು ಸ್ಟೇಜಿನ ಅಂಚಿಗೆ ಬಂದ. ನಾನು ಬಹಳ ಹತ್ತಿರವಿದ್ದೆ, ಪ್ರತಿ ಮಾತೂ ಕೇಳಿಸಿತು.

“ಚನ್ನಾ, ಇವತ್ತ ನಾ ಇಲ್ಲೆ ಬದಲಿ. ಕಾಯಂನಾಕಿ ಕೆಳಗ ಕುಂತಾಳ.”

“ಹುಚ್ಚರಂಗ ಮಾಡಬ್ಯಾಡ. ಇದೇನ ಮಿಲ್ ಅಲ್ಲ ಪೇದ್ರು.”

“ಅಲ್ಲಲ್ಲ? ಮತ್ತ ಇಷ್ಟ ವರ್ಷ ಈ ಪೋರಿಗೆ ಬದಲಿ ಬದಲಿ ಅಂತ ಯಾಕ ಕರದಿ?”

ಅಪ್ಪ ಮೈಕಿನ ಕೋಲಿನ ತಿರುಪು ಬಿಗಿ ಮಾಡಿದ, ಅದು ಬಿಗಿಯಾಗಿಯೇ ಇತ್ತು. ಅವ್ವ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದು, ಏಳ, ಏನ ನೋಡತಿ, ಅಂದಳು. ಪೇದ್ರು ಮಾಮಾ ಕೈ ಕೊಟ್ಟು ನನ್ನನ್ನು ಮೇಲೆಳೆದುಕೊಂಡು, ತಾನು ಉದ್ದ ಮಾಡಿದ್ದ ಪಟ್ಟಿಯನ್ನು ಎಲ್ಲರ ಎದುರಿಗೇ ನಿಧಾನಕ್ಕೆ ತಿರುಗಿ ಗಿಡ್ಡ ಮಾಡಿ ನನ್ನ ಹೆಗಲಿಗೆ ಹಾಕಿದ. ಆಮೇಲೆ ಕೆಳಗಿಳಿದು ನನ್ನ ಖುರ್ಚಿಯ ಮೇಲೆ ಅವ್ವನ ಪಕ್ಕ ಕುಳಿತ. ಅವ್ವ ಅವನ ಮುಂದೆ ರೊಟ್ಟಿ ಇಟ್ಟಳು. ಅವನು ಇಲ್ಲವೆನ್ನದೆ ಉಂಡ. ಅವನ ಕಣ್ಣು ತುಂಬಿತ್ತೆಂದು ಅವ್ವ ಆಮೇಲೆ ಹೇಳಿದಳು, ಚಟ್ನಿ ಖಾರವಿತ್ತೆಂದು ಅವನು ಹೇಳಿದನಂತೆ.

ಹಾಡು ಆಯಿತು. ಹೇಗಾಯಿತು ಎಂದು ನಾನೇ ಹೇಳಿಕೊಳ್ಳುವುದು ಚಂದವಲ್ಲ. ಎರಡನೆಯ ನುಡಿ ಮುಗಿದು ನಾನು ತಂತಿ ಒತ್ತಿ ಹಿಡಿದು ಉಸಿರು ತೆಗೆದುಕೊಂಡಾಗ ಅಪ್ಪನ “ಏ!” ಜೊತೆಗೆ ಹಿಂದಿನ ಸಾಲಿನ ಹುಡುಗರೂ ಕೂಗಿದರು, ಮೂರನೆಯ ನುಡಿಗೆ ಇಡೀ ಸಭಾಂಗಣವೇ ಕೂಗಿತು. ನನಗೆ ಮೈಯೆಲ್ಲ ಝುಂ ಎಂದಿತು. ಅಷ್ಟು ಖುಷಿ ಆಮೇಲೆ ಆಗಿದೆಯೋ ಇಲ್ಲವೋ ಎಂದು ಕೇಳಿದರೆ, ಆಗಿದೆ, ಆದರೆ ಎಣಿಸಲು ಒಂದು ಕೈ ಸಾಕು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ದಾಂಡೇಲಿ ಬರುವವರೆಗೂ ಕಿಟಕಿಯ ಹತ್ತಿರ ಕುಳಿತು ಹೊರಗೆ ನೋಡುತ್ತಿದ್ದ. ಪೇದ್ರು ಮಾಮಾ ಮತ್ತು ದಸ್ತಗೀರ ಕಾಕಾ ಹಿಂದಿನ ಸೀಟಿನಲ್ಲಿ ಯಾವುದೋ ಫೋರ್‌ಮನ್ನನ ಕತೆ ಹೇಳಿ ನಗುತ್ತಿದ್ದರು. ನಾನು ಮಾತ್ರ ಅಪ್ಪನ ಮುಖವನ್ನೇ ನೋಡುತ್ತ ಕುಳಿತಿದ್ದೆ. ಮನೆಗೆ ಬಂದು ಬಚ್ಚಲಿನಲ್ಲಿ ಕಾಲು ತೊಳೆಯುತ್ತಿದ್ದಾಗ ಅಪ್ಪ ತಂಬಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತ. ನನ್ನ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿ ಬೆರಳುಗಳನ್ನು ನೋಡಿದ. ತುದಿಗಳಲ್ಲಿ ಗುಳ್ಳೆ ಎದ್ದು ಒಂದು ಒಡೆದಿತ್ತು.

“ನಾಳೆ ಸಂಜಿಗೆ ಪ್ರಾಕ್ಟೀಸ್ ಐತಿ. ನೀ ಬರಬ್ಯಾಡ, ನಿನಗ ರಜಾ. ಪೇದ್ರೂಗ ಬಾ ಅಂತ ಹೇಳೇನಿ.”

ನನಗೆ ರೇಗಿತು. ಹಳಿಯಾಳದಲ್ಲಿ ಆದದ್ದನ್ನು ಇಲ್ಲಿ ತಿರುಗಿಸಿ ನನ್ನನ್ನು ಮತ್ತೆ ಕೆಳಗಿಳಿಸುತ್ತಿದ್ದಾನೆ ಅಂದುಕೊಂಡೆ.

“ಬದಲಿಯವರಿಗೆ ಎಲ್ಲಿ ರಜಾ ಇರತೈತಿ ಅಪ್ಪಾ?”

ಅಪ್ಪ ನನ್ನ ಕೈ ಬಿಟ್ಟು ತಂಬಿಗೆಯ ನೀರು ತನ್ನ ಕಾಲಿಗೆ ಹೊಯ್ದುಕೊಂಡ.

“ಬದಲಿಯವರಿಗೆ ಇರೂದಿಲ್ಲ,” ಅಂದ. “ನಿನಗ ಐತಿ.”